ಕರಾವಳಿಯಲ್ಲಿ ಟೊಮೆಟೊ ಹಾಕುವವರೇ, ಸಸಿ ತರುವ ಮೊದಲು ತಳಿಯ ಹೆಸರು ಕೇಳಿ

ಉಡುಪಿ, ಕುಂದಾಪುರ, ಮಂಗಳೂರು ಕಡೆಯವರು ದಯವಿಟ್ಟು ಇದನ್ನು ಓದಿ. ಮಳೆ ನಿಂತ ಮೇಲೆ ಟೊಮೆಟೊ ಹಾಕೋಣ ಅಂತ ತುಂಬಾ ಜನ ಸಸಿ ಹುಡುಕುತ್ತೀರಿ. ಹೋದ ವರ್ಷ ನಾನೂ ಹುಡುಕಿದ್ದೆ.

ನಾನು ಹುಟ್ಟಿ ಬೆಳೆದದ್ದು ಕೋಲಾರದ ಕಡೆ. ಟೊಮೆಟೊ ನೋಡಿಕೊಂಡೇ ದೊಡ್ಡವಳಾದೆ. ಮದುವೆಯಾಗಿ ಉಡುಪಿ ಹತ್ತಿರದ ಹಳ್ಳಿಗೆ ಬಂದ ಮೇಲೆ ಇಲ್ಲೂ ಬೆಳೆಯಬೇಕು ಅಂತ ಆಸೆ. ತವರಿಗೆ ಹೋದಾಗ ಅಲ್ಲಿನ ನರ್ಸರಿಯಿಂದ 150 ಸಸಿ ತಂದೆ. "ಇದು ಎಲ್ಲಿ ಹಾಕಿದ್ರೂ ಬರುತ್ತೆ ಕಣಮ್ಮ" ಅಂದರು. ತಳಿ ಯಾವುದು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನವೆಂಬರ್‌ನಲ್ಲಿ ನಾಟಿ ಮಾಡಿದೆ. 40 ದಿನ ಗಿಡ ಎಷ್ಟು ಚೆನ್ನಾಗಿತ್ತು ಅಂದರೆ ಅತ್ತೆ ದಿನಾ ಸಂಜೆ ಬಂದು ನೋಡುತ್ತಿದ್ದರು. ಹೂವೂ ಬಂತು. ಆಮೇಲೆ ಒಂದು ಮಧ್ಯಾಹ್ನ ನಾಲ್ಕು ಗಿಡ ಬಾಡಿದವು, ಸಂಜೆಗೆ ಎದ್ದು ನಿಂತವು, ಮಾರನೇ ದಿನ ಮತ್ತೆ ಬಾಡಿದವು, ಮೂರನೇ ದಿನ ಏಳಲೇ ಇಲ್ಲ. ಎಲೆ ಹಸಿರಾಗೇ ಇತ್ತು, ಹಳದಿಯಾಗಿರಲಿಲ್ಲ. ನೀರು ಸಾಲದು ಅಂದುಕೊಂಡು ಜಾಸ್ತಿ ನೀರು ಬಿಟ್ಟೆ. ಅದೇ ದೊಡ್ಡ ತಪ್ಪು. ನೀರಿನ ಜೊತೆ ರೋಗವೂ ಸಾಲಿನುದ್ದಕ್ಕೂ ಹರಿಯಿತು. ಅಂಗಡಿಯಲ್ಲಿ ಕೇಳಿದರೆ ಶಿಲೀಂಧ್ರದ ಔಷಧಿ ಕೊಟ್ಟರು. ಎರಡು ಸಲ ಹೊಡೆದೆ, ಒಂದು ಗಿಡವೂ ಉಳಿಯಲಿಲ್ಲ.

ತೋಟಗಾರಿಕೆ ಓದಿದ ನೆಂಟರ ಹುಡುಗ ಬಂದು ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತೂಗುಹಾಕಿದ. ಕೆಲವೇ ನಿಮಿಷಕ್ಕೆ ಕತ್ತರಿಸಿದ ಜಾಗದಿಂದ ಹಾಲಿನ ದಾರದ ಹಾಗೆ ಬಿಳಿ ಎಳೆ ಇಳಿಯಿತು. ದುಂಡಾಣು ಸೊರಗು ರೋಗ. ಇದು ಶಿಲೀಂಧ್ರ ಅಲ್ಲ, ಬ್ಯಾಕ್ಟೀರಿಯಾ. ಹಾಗಾಗಿ ನಾನು ಹೊಡೆದ ಔಷಧಿಗೆ ಅರ್ಥವೇ ಇರಲಿಲ್ಲ. ಬಿಸಿಲು, ತೇವ, ನಮ್ಮ ಕರಾವಳಿಯ ಹುಳಿ ಮಣ್ಣು ಇದಕ್ಕೆ ಬಹಳ ಹಿತ. ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತದೆ. ಸತ್ತ ಗಿಡಗಳನ್ನು ನಾನು ಗೊಬ್ಬರದ ಗುಂಡಿಗೆ ಹಾಕಿದ್ದೆ, ಆ ಗೊಬ್ಬರ ಬದನೆಗೆ ಹೋಯಿತು, ಅತ್ತೆ ಎಷ್ಟೋ ವರ್ಷದಿಂದ ಬೀಜ ಉಳಿಸಿಕೊಂಡು ಬಂದಿದ್ದ ಬದನೆಯೂ ಸೊರಗಿತು. "ಬೀಜಕ್ಕೆ ಅಂತ ಬಿಟ್ಟ ಗಿಡವೂ ಹೋಯ್ತಲ್ಲ ಮಾರಾಯ್ತಿ" ಅಂದರು. ನನಗೆ ಟೊಮೆಟೊ ಹೋದದ್ದಕ್ಕಿಂತ ಅದೇ ಜಾಸ್ತಿ ನೋವು.

ಹಾಗಾಗಿ ದುಡ್ಡು ಕೊಡುವ ಮೊದಲು ತಳಿಯ ಹೆಸರು ಕೇಳಿ. ಹೆಸರು ಹೇಳದಿದ್ದರೆ ಎದ್ದು ಬನ್ನಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗವನ್ನೂ ಎಲೆ ಮುಟುರು ರೋಗವನ್ನೂ ತಡೆದುಕೊಳ್ಳುವ ತಳಿ. ಬದನೆಯಾದರೆ, ಈ ರೋಗ ತಡೆದುಕೊಳ್ಳುವ ಸುಂಡೆ ಗಿಡಕ್ಕೆ (ಬದನೆ ಜಾತಿಯ ಕಾಡುಗಿಡ) ಕಸಿ ಕಟ್ಟಿದ ಸಸಿ ಸಿಕ್ಕರೆ ತನ್ನಿ. ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಇದ್ದರೆ ಅವರು ಹೇಳಿದಷ್ಟು ಸುಣ್ಣ ಹಾಕಿ. ಒಂದು ಗಿಡ ಬಾಡಿದರೂ ಲೋಟದ ಪರೀಕ್ಷೆ ಮಾಡಿ, ಬುಡದ ಮಣ್ಣಿನ ಸಮೇತ ಕಿತ್ತು ದೂರ ಸುಟ್ಟುಬಿಡಿ.

ರೋಗ ಬಂದ ಜಾಗದಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಶುಂಠಿ ಯಾವುದೂ ಬೇಡ. ಈ ವರ್ಷ ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ವಿಶೇಷ ದಿನ) ಕಳೆದ ಮೇಲೆ ಅಲ್ಲಿ ಹೀರೆ, ಅಲಸಂಡೆ ಹಾಕಿದೆವು, ಚೆನ್ನಾಗಿ ಬಂತು. ಮೊನ್ನೆ ಪಕ್ಕದ ಮನೆಯವರು ಹಾರೆ ಕೇಳಿದರು. ಮಣ್ಣೆಲ್ಲ ಉಜ್ಜಿ ತೊಳೆದು, ಒಣಗಿಸಿದ ಮೇಲೇ ಕೊಟ್ಟೆ.