ಯುದ್ಧಕಾಲದ ಫ್ರೆಂಚ್ ಸಾಹಿತ್ಯ ಓದುವವರು ಆರ್ಡೆನ್ ಮಠಕ್ಕೆ ಒಮ್ಮೆ ಹೋಗಲೇಬೇಕು

ಫ್ರಾನ್ಸಿನ ನಾರ್ಮಂಡಿಯ ಕಾಂ ನಗರದ ಪಕ್ಕದಲ್ಲಿ (ಸಿನಿಮಾ ಉತ್ಸವ ನಡೆಯುವ ಕಾನ್ ಅಲ್ಲ, ಅದು ದಕ್ಷಿಣದಲ್ಲಿದೆ) ಆರ್ಡೆನ್ ಅಂತ ಒಂದು ಹಳೆಯ ಕ್ರೈಸ್ತ ಮಠವಿದೆ. ಇಮೆಕ್ ಸಂಸ್ಥೆಯ ದಾಖಲೆ ಸಂಗ್ರಹ ಇರುವುದು ಅಲ್ಲೇ. 1988ರಲ್ಲಿ ಶುರುವಾದ ಸಂಸ್ಥೆ, ಲೇಖಕರ ಮತ್ತು ಪ್ರಕಾಶಕರ ಕಾಗದಪತ್ರಗಳನ್ನು ಕಾಪಾಡುತ್ತದೆ. ಯುದ್ಧ ಮತ್ತು ನೆನಪಿನ ಮೇಲೆ ಪಿಎಚ್‌ಡಿ ಮಾಡುವವರು ಯಾರೇ ಕೇಳಲಿ, ಮೊದಲು ಇಲ್ಲಿಗೆ ಹೋಗಿ ಅನ್ನುತ್ತೇನೆ.

ಓದುವ ಕೋಣೆ ಮಠದ ಹಳೆಯ ಚರ್ಚಿನೊಳಗಿದೆ. ಮೇಲೆ ಎತ್ತರದ ಕಲ್ಲಿನ ಕಮಾನು, ಕೆಳಗೆ ಪುಸ್ತಕದ ಸಾಲು, ಮೇಜು. ಸದ್ದೇ ಇಲ್ಲ. ನಾನು ಹೋಗಿದ್ದು ಫ್ರೆಂಚ್ ಲೇಖಕಿ ಮಾರ್ಗರೀತ್ ದ್ಯುರಾಸ್ ಅವರ ಕಾಗದಗಳಿಗಾಗಿ. 1943ರಿಂದ 1949ರವರೆಗೆ ತುಂಬಿಸಿದ ನಾಲ್ಕು ನೋಟ್‌ಬುಕ್‌ಗಳನ್ನು ಆಕೆ ಒಂದು ಲಕೋಟೆಗೆ ಹಾಕಿ, ಮೇಲೆ ‘ಯುದ್ಧದ ನೋಟ್‌ಬುಕ್‌ಗಳು’ ಅಂತ ಬರೆದಿಟ್ಟಿದ್ದರು. ಗಂಡ ರೊಬೇರ್ ಆಂತೆಲ್ಮ್ ಅವರನ್ನು 1944ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಹಿಡಿದು ಸೆರೆ ಕ್ಯಾಂಪಿಗೆ ಸಾಗಿಸಿತ್ತಲ್ಲ, ಬದುಕಿದ್ದಾರೋ ಇಲ್ಲವೋ ಅಂತ ಕಾದ ಆ ದಿನಗಳು ಇವುಗಳಲ್ಲಿವೆ. ಅದೇ ‘ಲಾ ದುಲರ್’ (ಅಂದರೆ ನೋವು) ಪುಸ್ತಕವಾಗಿ ಬಂದಿದ್ದು 1985ರಲ್ಲಿ. ಸುಮಾರು 40 ವರ್ಷದ ಅಂತರ! ಇದನ್ನು ಬರೆದದ್ದೇ ನೆನಪಿಲ್ಲ ಅಂತ ಆಕೆ ಪುಸ್ತಕದ ಶುರುವಿನಲ್ಲೇ ಹೇಳುತ್ತಾರೆ. ಕೈಬರಹವನ್ನೂ ಅಚ್ಚಾದ ಪುಟವನ್ನೂ ಪಕ್ಕಪಕ್ಕ ಇಟ್ಟು, ಯಾವ ಮಾತು ಉಳಿಯಿತು, ಯಾವುದು ಹೋಯಿತು ಅಂತ ಸಾಲು ಸಾಲಾಗಿ ನೋಡುತ್ತಾ ಹೋದರೆ ವರ್ಷಗಟ್ಟಲೆ ಓದಿದ ನೆನಪಿನ ಸಿದ್ಧಾಂತಗಳೆಲ್ಲ ಕಣ್ಣೆದುರಿಗೆ ಬಂದ ಹಾಗಾಗುತ್ತದೆ.

ಯಹೂದಿ ಲೇಖಕಿ ಇರೆನ್ ನೆಮಿರೋವ್‌ಸ್ಕಿ ಅವರ ‘ಸ್ವೀಟ್ ಫ್ರಾಂಸೇಸ್’ ಕಾದಂಬರಿಯ ಹಸ್ತಪ್ರತಿಯೂ ಇಲ್ಲಿಗೇ ಸೇರಿದೆ. 1942ರ ಜುಲೈನಲ್ಲಿ ಆಕೆಯ ಬಂಧನ, ಆಗಸ್ಟ್‌ನಲ್ಲಿ ಆಶ್ವಿಟ್ಜ್ ನಾಜಿ ಕ್ಯಾಂಪಿನಲ್ಲಿ ಸಾವು. ಕಾಗದ ಸಿಗದ ಕಾಲ, ಹಾಗಾಗಿ ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ಮಗಳು ಭೂತಗನ್ನಡಿ ಹಿಡಿದು ನಕಲು ಮಾಡಿದ ಆ ಕಾದಂಬರಿ ಅಚ್ಚಾಗಿದ್ದು 2004ರಲ್ಲಿ.

ಇನ್ನು ವ್ಯವಸ್ಥೆ. ಸುಮ್ನೆ ಹೋಗಿ ಬಾಗಿಲು ತಟ್ಟಿದರೆ ಆಗುವುದಿಲ್ಲ, ಮೊದಲೇ ಜಾಗ ಕಾಯ್ದಿರಿಸಬೇಕು. ಕೆಲವು ಲೇಖಕರ ಕಾಗದ ನೋಡಲು ಅವರ ಮನೆಯವರ ಒಪ್ಪಿಗೆಯೂ ಬೇಕು, ಅದಕ್ಕೆ ಸಮಯ ಜಾಸ್ತಿ ಇಟ್ಟುಕೊಳ್ಳಿ. ಸಂಶೋಧಕರಿಗೆ ಊಟ, ವಸತಿ ಮಠದಲ್ಲೇ ಸಿಗುತ್ತದೆ. ಅಲ್ಲೇ ಉಳಿಯಿರಿ, ಒಂದು ವಾರವಾದರೂ.

ಓದಿ ಕಣ್ಣು ದಣಿದಾಗ ತೋಟದ ಕಡೆ ನಡೆಯಿರಿ. 1944ರ ಜೂನ್ 7 ಮತ್ತು 8ರಂದು, ಸೆರೆ ಸಿಕ್ಕಿದ್ದ 18 ಮಂದಿ ಕೆನಡಾ ಸೈನಿಕರನ್ನು ನಾಜಿಗಳ ಎಸ್‌ಎಸ್ ಪಡೆ ಕೊಂದಿದ್ದು ಆ ತೋಟದಲ್ಲೇ. ಅವರ ನೆನಪಿಗೆ ಅಲ್ಲೊಂದು ಫಲಕವಿದೆ. ಅದನ್ನು ಓದಿ ಮಧ್ಯಾಹ್ನ ಮತ್ತೆ ಮೇಜಿನ ಮುಂದೆ ಕೂತಾಗ, ತುಂಬಾ ಹೊತ್ತು ನನಗೆ ಒಂದು ಸಾಲೂ ಓದಲಾಗಲಿಲ್ಲ.