ಕಾರ್ ಪಾಲಿಸಿಯ ಆ್ಯಡ್-ಆನ್‌ಗಳು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬಹುದು

ರಿನ್ಯೂವಲ್ ಸಮಯ ಬಂದಾಗ ಎರಡು ಮೂರು ಕಂಪನಿಗಳ ಕೋಟ್ ಪಕ್ಕಪಕ್ಕ ಇಟ್ಟು, ಕೊನೆಯ ಸಾಲಿನ ಮೊತ್ತ ನೋಡಿ, ಕಡಿಮೆ ಇರುವುದಕ್ಕೆ ದುಡ್ಡು ಕಟ್ಟಿ ಮುಗಿಸುವವರೇ ಹೆಚ್ಚು. ಆ ಮೊತ್ತದಲ್ಲಿ ಥರ್ಡ್ ಪಾರ್ಟಿ ಪಾಲು, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಯ ವಿಮೆ, ಎಲ್ಲಿ ಕೊಂಡರೂ ಒಂದೇ. ಅದನ್ನು ನಿಗದಿ ಮಾಡುವುದು ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1000 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂ., 1500 ಸಿಸಿವರೆಗೆ 3,416 ರೂ., ಅದಕ್ಕೂ ದೊಡ್ಡ ಎಂಜಿನ್‌ಗೆ 7,897 ರೂ. ಇಲ್ಲಿ ಚೌಕಾಸಿ ನಡೆಯುವುದಿಲ್ಲ. ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿಗೇ ಆದ ಹಾನಿಗೆ ದುಡ್ಡು ಕೊಡುವ ಭಾಗದ ಷರತ್ತುಗಳೂ ಬಹುತೇಕ ಎಲ್ಲ ಕಂಪನಿಗಳಲ್ಲಿ ಒಂದೇ. 2002ರ ಇಂಡಿಯನ್ ಮೋಟಾರ್ ಟ್ಯಾರಿಫ್‌ನಲ್ಲಿ ಬರೆದದ್ದೇ ಇವತ್ತಿಗೂ ನಡೆದುಕೊಂಡು ಬಂದಿದೆ. ಹಾಗಾಗಿ ನಿಜವಾಗಿ ಆರಿಸಿಕೊಳ್ಳುವ ವಸ್ತು ಆ್ಯಡ್-ಆನ್, ಅಂದರೆ ಬೇಸ್ ಪಾಲಿಸಿಯ ಮೇಲೆ ಹೆಚ್ಚು ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಕವರ್. ಒಂದೊಂದನ್ನೂ ಬಿಡಿಸಿ ನೋಡೋಣ.

ಝೀರೋ ಡೆಪ್ರಿಸಿಯೇಷನ್, ಅಂದರೆ ಎಲ್ಲರ ಬಾಯಲ್ಲಿರುವ 'ಬಂಪರ್ ಟು ಬಂಪರ್', ಇವುಗಳಲ್ಲಿ ಮೊದಲನೆಯದು. ಭಾಗಗಳು ಹಳೆಯದಾದ ಲೆಕ್ಕಕ್ಕೆ ಕ್ಲೇಮ್‌ನಲ್ಲಿ ಮಾಡುವ ಕಡಿತವನ್ನು (ಡೆಪ್ರಿಸಿಯೇಷನ್) ಇದು ತಪ್ಪಿಸುತ್ತದೆ. ಇದು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಬಿಲ್ಲಿನಲ್ಲೇ ನೋಡಬಹುದು. ಎರಡೂವರೆ ವರ್ಷದ, 1200 ಸಿಸಿ ಕಾರು ಮುಂದಿನ ವಾಹನಕ್ಕೆ ಗುದ್ದಿದೆ ಎನ್ನಿ. ಬಂಪರ್ 6,000, ಒಂದು ಹೆಡ್‌ಲ್ಯಾಂಪ್ 9,000, ಬಾನೆಟ್ 8,000, ಫೆಂಡರ್ 3,000, ಪೇಂಟಿಂಗ್ 10,000, ಲೇಬರ್ 5,000, ಕೂಲೆಂಟ್, ಎಸಿ ಗ್ಯಾಸ್, ಕ್ಲಿಪ್ಪು, ನಟ್ಟು ಬೋಲ್ಟುಗಳಿಗೆ 2,000. ಜಿಎಸ್‌ಟಿ ಬದಿಗಿಟ್ಟರೆ ಒಟ್ಟು 43,000 ರೂ.

ಈಗ ಹಾನಿ ಲೆಕ್ಕ ಹಾಕಲು ವಿಮಾ ಕಂಪನಿ ನೇಮಿಸಿದ ಸರ್ವೇಯರ್ ಪೆನ್ನು ಹಿಡಿಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ, ಬ್ಯಾಟರಿಗೆ, ಟೈರಿಗೆ, ಏರ್‌ಬ್ಯಾಗಿಗೆ ಕಾರಿನ ವಯಸ್ಸು ಎಷ್ಟೇ ಇರಲಿ 50 ಶೇಕಡ ಕಡಿತ. ಬಂಪರ್‌ನಲ್ಲಿ 3,000 ಹೋಯಿತು. ಈಗಿನ ಹೆಡ್‌ಲ್ಯಾಂಪ್ ಗಾಜಿನದಲ್ಲ, ಪಾಲಿಕಾರ್ಬೊನೇಟ್. ಅದನ್ನೂ ಪ್ಲಾಸ್ಟಿಕ್ ಲೆಕ್ಕಕ್ಕೆ ಹಾಕಿದರೆ 4,500 ಹೋಯಿತು. ಲೋಹದ ಭಾಗಕ್ಕೆ ಕಡಿತ ವಯಸ್ಸಿನ ಮೇಲೆ: ಮೊದಲ ಆರು ತಿಂಗಳು ಇಲ್ಲ, ವರ್ಷದೊಳಗೆ 5, ಎರಡನೇ ವರ್ಷ 10, ಮೂರನೇ ವರ್ಷ 15, ನಾಲ್ಕರಲ್ಲಿ 25, ಐದರಲ್ಲಿ 35, ಆಮೇಲೆ ಹತ್ತು ವರ್ಷದವರೆಗೆ 40 ಶೇಕಡ. ನಮ್ಮ ಕಾರಿನ ಬಾನೆಟ್, ಫೆಂಡರ್ ಸೇರಿ 1,650. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಡಿಯುತ್ತಾರೆ: 1,250. ಕೂಲೆಂಟ್, ಗ್ಯಾಸ್, ಕ್ಲಿಪ್ಪುಗಳ 2,000 ಪೂರ್ತಿ ನಿಮ್ಮದು. ಕೊನೆಗೆ ಕಂಪಲ್ಸರಿ ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮ್‌ನಲ್ಲೂ ನೀವೇ ಭರಿಸಬೇಕಾದ ಮೊತ್ತ, 1500 ಸಿಸಿವರೆಗೆ 1,000 ರೂ., ಮೇಲ್ಪಟ್ಟರೆ 2,000. ಗ್ಯಾರೇಜಿನ ಕೌಂಟರ್‌ನಲ್ಲಿ ನೀವು ಕಟ್ಟಬೇಕಾದ್ದು 13,400 ರೂ. ಝೀರೋ ಡೆಪ್ ಇದ್ದಿದ್ದರೆ 3,000ದಲ್ಲಿ ಮುಗಿಯುತ್ತಿತ್ತು. ಕೂಲೆಂಟ್, ಕ್ಲಿಪ್ಪುಗಳ ಖರ್ಚು ಭರಿಸುವ ಕನ್ಸ್ಯೂಮಬಲ್ಸ್ ಕವರ್ ಕೂಡ ಇದ್ದರೆ 1,000.

ಗಾಜಿಗೆ ಮಾತ್ರ ಕಡಿತವಿಲ್ಲ. ವಿಂಡ್‌ಶೀಲ್ಡ್ ಒಡೆಯುತ್ತದೆ ಎಂಬ ಭಯಕ್ಕೆ ಝೀರೋ ಡೆಪ್ ಬೇಕು ಎಂದು ಯಾರಾದರೂ ಹೇಳಿದರೆ ಅವರಿಗೆ ವಿಷಯ ಗೊತ್ತಿಲ್ಲ. ಇದರ ನಿಜವಾದ ಬೆಲೆ ಗೊತ್ತಾಗುವುದು ಏರ್‌ಬ್ಯಾಗ್ ತೆರೆದುಕೊಂಡಾಗ. ಏರ್‌ಬ್ಯಾಗ್ ಬದಲಿಸುವಾಗ ಜೊತೆಗೆ ಡಿಕ್ಕಿಯಾದಾಗ ಬೆಲ್ಟನ್ನು ಬಿಗಿಯುವ ಸೀಟ್‌ಬೆಲ್ಟ್ ಪ್ರೀಟೆನ್ಷನರ್, ಕಂಟ್ರೋಲ್ ಮಾಡ್ಯೂಲ್, ಎಷ್ಟೋ ಸಲ ಇಡೀ ಡ್ಯಾಶ್‌ಬೋರ್ಡ್ ಬದಲಿಸಬೇಕಾಗುತ್ತದೆ. ಅದರಲ್ಲಿ ಅರ್ಧ ನಿಮ್ಮ ಜೇಬಿನಿಂದ ಎಂದರೆ ಲಕ್ಷದ ಮಾತು. ಆರು ಏರ್‌ಬ್ಯಾಗ್ ಇರುವ ಕಾರು ಕೊಂಡವರು ಐದು ವರ್ಷದವರೆಗೆ ಇದನ್ನು ಬಿಡಲೇಬಾರದು. ತೆಗೆದುಕೊಳ್ಳುವಾಗ ಎರಡು ಸಾಲು ಹುಡುಕಿ: ವರ್ಷಕ್ಕೆ ಎಷ್ಟು ಕ್ಲೇಮ್‌ಗೆ ಅನ್ವಯ ಮತ್ತು ಟೈರು, ಬ್ಯಾಟರಿ ಸೇರಿವೆಯೇ. ಎರಡೇ ಕ್ಲೇಮ್ ಎಂಬ ಮಿತಿ ಸಾಮಾನ್ಯ.

ಎಂಜಿನ್ ಪ್ರೊಟೆಕ್ಟ್ ಎರಡನೆಯದು. ಬೆಂಗಳೂರು, ಮಂಗಳೂರು, ಕರಾವಳಿಯ ಯಾವುದೇ ಊರಿನಲ್ಲಿ ಕಾರು ಇಟ್ಟುಕೊಂಡವರಿಗೆ ಝೀರೋ ಡೆಪ್‌ಗಿಂತಲೂ ಇದೇ ಮೊದಲು ಬೇಕು ಎಂದರೆ ತಪ್ಪಿಲ್ಲ. ಅಂಡರ್‌ಪಾಸ್‌ನಲ್ಲಿ ನೀರು ನಿಂತು ಕಾರು ಅಲ್ಲೇ ಆಫ್ ಆಯಿತು ಎನ್ನಿ. ಸೀಟು, ಕಾರ್ಪೆಟ್, ವೈರಿಂಗ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಾಳಾಗಿದ್ದಕ್ಕೆ ಬೇಸ್ ಪಾಲಿಸಿಯೇ ಸಾಕು, ಪ್ರವಾಹ ಅದರ ಪಟ್ಟಿಯಲ್ಲೇ ಇದೆ. ಎಂಜಿನ್ ಒಳಗೆ ನೀರು ಹೊಕ್ಕು ಕನೆಕ್ಟಿಂಗ್ ರಾಡ್ ಬಾಗಿದರೆ ಅದು 'ಕಾನ್ಸಿಕ್ವೆನ್ಷಿಯಲ್ ಲಾಸ್', ಅಂದರೆ ಘಟನೆಯ ನಂತರ ಅದರಿಂದಾಗಿ ಆದ ನಷ್ಟ, ಬೇಸ್ ಪಾಲಿಸಿಯಲ್ಲಿ ಅದಕ್ಕೆ ದುಡ್ಡಿಲ್ಲ; ಅದನ್ನು ಕೊಡುವುದು ಎಂಜಿನ್ ಪ್ರೊಟೆಕ್ಟ್. ಎಂಜಿನ್ ಹಾಳಾದದ್ದು ನೀರಿನಿಂದಲ್ಲ, ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಿದ್ದರಿಂದ ಎಂಬುದು ಕಂಪನಿಯ ವಾದ. ಯಂತ್ರದ ಲೆಕ್ಕದಲ್ಲಿ ಈ ವಾದ ಸುಳ್ಳೂ ಅಲ್ಲ. ಪಿಸ್ಟನ್ ಗಾಳಿಯನ್ನು ಅದುಮಬಲ್ಲದು, ನೀರನ್ನು ಅದುಮಲಾರದು. ಸ್ಟಾರ್ಟರ್ ತಿರುಗಿದ ಕ್ಷಣ ಆ ಒತ್ತಡವೆಲ್ಲ ರಾಡಿನ ಮೇಲೆ ಬೀಳುತ್ತದೆ, ಅದು ಬಾಗುತ್ತದೆ ಅಥವಾ ಮುರಿದು ಬ್ಲಾಕನ್ನೇ ತೂತು ಮಾಡುತ್ತದೆ.

ಹಾಗಾಗಿ ಆ್ಯಡ್-ಆನ್ ಇದ್ದರೂ ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಪುಶ್ ಬಟನ್ ಕಾರಾದರೆ ಆ ಬಟನ್ ತಂಟೆಗೇ ಹೋಗಬೇಡಿ. ನ್ಯೂಟ್ರಲ್‌ಗೆ ಹಾಕಿ ತಳ್ಳಿ ಮೇಲೆ ತನ್ನಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಬಾಗಿಲ ಮೇಲೆ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗೆರೆಯ ಫೋಟೊ ತೆಗೆದುಕೊಳ್ಳಿ, ಅಲ್ಲಿಂದಲೇ ಕಂಪನಿಗೆ ತಿಳಿಸಿ. ಎಳೆದುಕೊಂಡು ಹೋಗುವುದಕ್ಕಿಂತ ಫ್ಲಾಟ್‌ಬೆಡ್ ಒಳ್ಳೆಯದು. ಆಟೊಮ್ಯಾಟಿಕ್ ಗೇರಿನ ಕಾರಿಗಂತೂ ಅದೇ ಆಗಬೇಕು. ಗ್ಯಾರೇಜಿನಲ್ಲಿ ಮೊದಲು ನೋಡಬೇಕಾದ್ದು ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರಿದೆ. ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿ, ಆಯಿಲ್, ಫಿಲ್ಟರ್ ಬದಲಿಸಿದ ಮೇಲೆಯೇ ಕೀ ಮುಟ್ಟಬೇಕು. ಸ್ಟಾರ್ಟ್ ಮಾಡದ ಎಂಜಿನ್ ಇಷ್ಟರಲ್ಲೇ ಉಳಿದುಕೊಳ್ಳುವುದುಂಟು.

ಇದೇ ಕವರ್ ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ. ಬಣ್ಣ ಬಳಿಯದ ರಸ್ತೆ ಹಂಪ್‌ಗೆ ಕಾರಿನ ತಳ ಬಡಿದು ಆಯಿಲ್ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಒಡೆದರೆ ಸಂಪಿನ ದುಡ್ಡು ಬೇಸ್ ಪಾಲಿಸಿಯಲ್ಲಿ ಬರುತ್ತದೆ. ಆಯಿಲ್ ಎಲ್ಲ ಸೋರಿ ಎಂಜಿನ್ ಸೀಜ್ ಆದರೆ, ಅಂದರೆ ಒಳಗೆ ಕಚ್ಚಿಕೊಂಡು ನಿಂತರೆ, ಬೇಸ್ ಪಾಲಿಸಿಯಲ್ಲಿ ಬರುವುದಿಲ್ಲ. ಕೆಂಪು ಆಯಿಲ್ ದೀಪ ಹೊತ್ತಿದರೆ ಮುಂದಿನ ಬಂಕಿನವರೆಗೆ ಹೋಗೋಣ ಎನ್ನದೆ ಅಲ್ಲೇ ಆಫ್ ಮಾಡಬೇಕು.

ಮೂರನೆಯ ಆ್ಯಡ್-ಆನ್ ರಿಟರ್ನ್ ಟು ಇನ್‌ವಾಯ್ಸ್ ಬಗ್ಗೆ ಹೇಳುವ ಮೊದಲು ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದಿರುವ ಕಾರಿನ ಬೆಲೆ, ಗೊತ್ತಿರಬೇಕು. ಕಾರು ಕಳುವಾದರೆ ಅಥವಾ ರಿಪೇರಿ ವೆಚ್ಚ ಐಡಿವಿಯ 75 ಶೇಕಡ ದಾಟಿದರೆ ಕೈಗೆ ಬರುವುದು ಆ ಮೊತ್ತ. ಶೋರೂಂ ಬೆಲೆಯಿಂದ ಮೊದಲ ಆರು ತಿಂಗಳು 5, ಆಮೇಲೆ ಒಂದು ವರ್ಷದೊಳಗೆ 15, ಎರಡನೇ ವರ್ಷ 20, ಮೂರನೇ ವರ್ಷ 30, ನಾಲ್ಕರಲ್ಲಿ 40, ಐದರಲ್ಲಿ 50 ಶೇಕಡ ಕಳೆದು ಇದನ್ನು ಲೆಕ್ಕ ಹಾಕುತ್ತಾರೆ. ರೋಡ್ ಟ್ಯಾಕ್ಸ್, ರಿಜಿಸ್ಟ್ರೇಷನ್ ಇದರಲ್ಲಿ ಸೇರುವುದಿಲ್ಲ. ಕರ್ನಾಟಕದವರಿಗೆ ಇದೇ ದೊಡ್ಡ ಪೆಟ್ಟು: ಪೆಟ್ರೋಲ್, ಡೀಸೆಲ್ ಕಾರಿನ ಜೀವಾವಧಿ ತೆರಿಗೆ ಬೆಲೆಯನ್ನು ಅನುಸರಿಸಿ 13ರಿಂದ 18 ಶೇಕಡ, ಅದರ ಮೇಲೆ ಸೆಸ್ ಬೇರೆ. ರಿಟರ್ನ್ ಟು ಇನ್‌ವಾಯ್ಸ್ ಆ ದುಡ್ಡನ್ನೂ ವಾಪಸ್ ಕೊಡುವ ಆ್ಯಡ್-ಆನ್. ಮೊದಲ ಮೂರು ವರ್ಷ ತೆಗೆದುಕೊಳ್ಳಿ, ಆಮೇಲೆ ಬಹಳಷ್ಟು ಕಂಪನಿಗಳು ಕೊಡುವುದೂ ಇಲ್ಲ. ಅಂದಹಾಗೆ, ಕೋಟ್ ಅಗ್ಗವಾಗಿ ಕಂಡರೆ ಐಡಿವಿ ಕಾಲಂ ನೋಡಿ. ಅದನ್ನು ಐವತ್ತು ಸಾವಿರ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಹಳೆಯ ಚಾಲಾಕಿ.

ಇನ್ನು ಎನ್‌ಸಿಬಿ ಪ್ರೊಟೆಕ್ಟ್, ಅಂದರೆ ಕ್ಲೇಮ್ ಮಾಡಿದರೂ ನೋ ಕ್ಲೇಮ್ ಬೋನಸ್ ಉಳಿಸಿಕೊಡುವ ಆ್ಯಡ್-ಆನ್. ಕ್ಲೇಮ್ ಇಲ್ಲದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ 20, 25, 35, 45, 50 ಶೇಕಡ ಎಂದು ಏರುತ್ತದೆ. ಒಂದು ಕ್ಲೇಮ್ ಮಾಡಿದರೆ ಸೊನ್ನೆ. ಹೋಗುವುದು ಒಂದು ವರ್ಷದ ರಿಯಾಯಿತಿ ಮಾತ್ರ ಎಂದು ಜನ ತಿಳಿದಿರುತ್ತಾರೆ. 50ರಲ್ಲಿ ಇದ್ದವರು ಕ್ಲೇಮ್ ಮಾಡಿದರೆ ಮುಂದಿನ ವರ್ಷ 50, ಅದರಾಚೆ 30, 25, 15, 5 ಶೇಕಡ ಹೀಗೆ ಐದು ವರ್ಷ ಕಳೆದುಕೊಳ್ಳುತ್ತಾರೆ. ಒಟ್ಟು 125 ಶೇಕಡ. ಓನ್ ಡ್ಯಾಮೇಜ್ ಪ್ರೀಮಿಯಂ 8,000 ರೂ. ಎಂದು ಹಿಡಿದರೆ 10,000, ಜಿಎಸ್‌ಟಿ ಸೇರಿ 11,800. ಕಾರಿಗೆ ವಯಸ್ಸಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ. ಏನೇ ಆದರೂ ಆರೇಳು ಸಾವಿರದ ಗೀರು, ಡೊಂಕಿಗೆ ಕ್ಲೇಮ್ ಹಾಕುವುದು ನಷ್ಟದ ವ್ಯಾಪಾರ. ಕೈಯಿಂದ ಕೊಟ್ಟು ಮಾಡಿಸಿ. 45 ಅಥವಾ 50ರಲ್ಲಿ ಇದ್ದು ದಿನಾ ನಗರದ ಟ್ರಾಫಿಕ್ಕಿನಲ್ಲಿ ಓಡಿಸುವವರಿಗೆ ಎನ್‌ಸಿಬಿ ಪ್ರೊಟೆಕ್ಟ್ ಸರಿ. 20, 25ರಲ್ಲಿ ಇರುವವರಿಗೆ ಬೇಡ.

ಈ ರಿಯಾಯಿತಿ ಕಾರಿನದಲ್ಲ, ಮಾಲೀಕರದು. ಹಳೆಯ ಕಾರು ಮಾರಿದಾಗ ಕಂಪನಿಯಿಂದ ಎನ್‌ಸಿಬಿ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಶೋರೂಮಿನವರು ಇದನ್ನು ತಾವಾಗಿ ಹೇಳುವುದು ಕಡಿಮೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಇಡೀ ರಿಯಾಯಿತಿ ಹೋಗುತ್ತದೆ.

ಕನ್ಸ್ಯೂಮಬಲ್ಸ್ ಅಗ್ಗ, ತೆಗೆದುಕೊಳ್ಳಿ. ಕೀ ಕವರ್, ಒಳಗಿನ ಸಾಮಾನಿನ ಕವರ್ ಬೇಡ. ರೋಡ್‌ಸೈಡ್ ಅಸಿಸ್ಟೆನ್ಸ್ ಕಾರು ಕಂಪನಿಯಿಂದಲೇ ಇದ್ದರೆ ಎರಡೆರಡು ಕಡೆ ಕಟ್ಟುವ ಅಗತ್ಯವಿಲ್ಲ. ಟೈರ್ ಕವರ್ ಬಗ್ಗೆ ನಮಗೆ ಒಲವಿಲ್ಲ: ಉಳಿದಿರುವ ಟ್ರೆಡ್ (ಟೈರಿನ ಮೇಲಿನ ತೋಡು) ಆಳ ನೋಡಿ ದುಡ್ಡು ಕೊಡುತ್ತಾರೆ, ಪಂಕ್ಚರ್ ಸೇರುವುದಿಲ್ಲ. ಆ ದುಡ್ಡಿಗೆ ಗಾಳಿ ಅಳೆಯುವ ಒಳ್ಳೆಯ ಗೇಜ್ ಕೊಂಡು, ತಿಂಗಳಿಗೆರಡು ಸಲ ಟೈರು ತಣ್ಣಗಿರುವಾಗ ನೋಡಿಕೊಳ್ಳುವುದು ವಾಸಿ. ಟ್ರೆಡ್ 1.6 ಮಿ.ಮೀ.ಗೆ ಇಳಿದರೆ ತೋಡುಗಳ ನಡುವಿನ ಸಣ್ಣ ದಿಬ್ಬಗಳು ಮೇಲ್ಮೈಗೆ ಸಮನಾಗುತ್ತವೆ. ಅಲ್ಲಿಗೆ ಟೈರಿನ ಆಯುಸ್ಸು ಮುಗಿಯಿತು.

ವಾಲಂಟರಿ ಡಿಡಕ್ಟಿಬಲ್, ಅಂದರೆ ಕ್ಲೇಮ್‌ನಲ್ಲಿ ನೀವಾಗಿಯೇ ಭರಿಸಲು ಒಪ್ಪುವ ಮೊತ್ತ, ಆ್ಯಡ್-ಆನ್ ಅಲ್ಲ, ಆದರೂ ಅದೇ ಪುಟದಲ್ಲಿ ಇರುತ್ತದೆ. ಟ್ಯಾರಿಫ್ ಪ್ರಕಾರ 2,500 ರೂ. ನಾನೇ ಭರಿಸುತ್ತೇನೆ ಎಂದರೆ ಹೆಚ್ಚೆಂದರೆ 750 ರಿಯಾಯಿತಿ, 5,000ಕ್ಕೆ 1,500, 7,500ಕ್ಕೆ 2,000, 15,000ಕ್ಕೆ 2,500. ಐದು ಸಾವಿರದವರೆಗೆ ಲೆಕ್ಕ ಸರಿಹೋಗುತ್ತದೆ. ಸಣ್ಣ ಕ್ಲೇಮ್ ಹೇಗೂ ಹಾಕುವುದಿಲ್ಲವಲ್ಲ. ಅಲ್ಲಿಂದಾಚೆ ರಿಸ್ಕ್ ಮೂರು ಪಟ್ಟು ಏರಿದರೂ ರಿಯಾಯಿತಿ ಎರಡು ಪಟ್ಟೂ ಏರುವುದಿಲ್ಲ.

ಆ್ಯಡ್-ಆನ್ ಎಷ್ಟೇ ಇದ್ದರೂ ಕ್ಲೇಮ್ ಬೀಳುವ ಜಾಗಗಳು ಬೇರೆ. ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಆರ್‌ಸಿಯಲ್ಲಿ, ಪಾಲಿಸಿಯಲ್ಲಿ ನಮೂದಾಗದಿರುವುದು ಒಂದು. ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸುವುದು ಇನ್ನೊಂದು. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಆರ್‌ಸಿ ಹೆಸರು ಬದಲಿಸಿ ಪಾಲಿಸಿಯನ್ನು ಹಳೆಯ ಮಾಲೀಕರ ಹೆಸರಿನಲ್ಲೇ ಬಿಡುವುದು ಎಲ್ಲಕ್ಕಿಂತ ಸಾಮಾನ್ಯ. ಓನ್ ಡ್ಯಾಮೇಜ್ ಭಾಗವನ್ನು ನಿಮ್ಮ ಹೆಸರಿಗೆ ಮಾಡಿಸಲು ಕಾರು ವರ್ಗವಾದ 14 ದಿನದೊಳಗೆ ಅರ್ಜಿ ಕೊಡಬೇಕು. ಹೆಚ್ಚು ವ್ಯಾಟಿನ ಹೆಡ್‌ಲೈಟ್ ಹಾಕಲು ಕಂಪನಿ ವೈರಿಂಗ್ ಕತ್ತರಿಸಿ ಟೇಪ್ ಸುತ್ತಿದ ಕಾರಿಗೆ ಬೆಂಕಿ ಬಿದ್ದರೆ ಸರ್ವೇಯರ್ ಮೊದಲು ಹುಡುಕುವುದು ಆ ಟೇಪನ್ನೇ. ಬಂಪರ್ ಮುಂದೆ ಹಾಕಿಸುವ ಲೋಹದ ಬುಲ್ ಬಾರ್ ಕಾನೂನಿಗೆ ವಿರುದ್ಧ ಎಂಬುದು ಹಾಗಿರಲಿ, ಮುಂಭಾಗ ಕುಗ್ಗಿ ಹೊಡೆತ ನುಂಗುವ ರೀತಿಯನ್ನೇ ಅದು ಕೆಡಿಸುತ್ತದೆ, ಏರ್‌ಬ್ಯಾಗ್ ತೆರೆಯಬೇಕಾದ ಹೊತ್ತು ತಪ್ಪುತ್ತದೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ರೆಕ್ಸಿನ್ ಕವರ್ ಹೊಲಿಸಿದರೂ ಇದೇ ಕಥೆ. ಬೆಲ್ಟಿನ ಎಚ್ಚರಿಕೆ ಸದ್ದು ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ನಕಲಿ ಕ್ಲಿಪ್ ಮಾರುತ್ತಾರಲ್ಲ, ಅದನ್ನು ಎಸೆಯಿರಿ. ಬೆಲ್ಟ್ ಇಲ್ಲದ ದೇಹ ಮುಂದಕ್ಕೆ ಚಿಮ್ಮುವಾಗಲೇ ಏರ್‌ಬ್ಯಾಗ್ ಎದುರಿನಿಂದ ಬಡಿಯುತ್ತದೆ.

ಕಳವಿನ ಕ್ಲೇಮ್‌ನಲ್ಲಿ ಎರಡೂ ಒರಿಜಿನಲ್ ಕೀ ಕೇಳುತ್ತಾರೆ. ಒಂದು ಕಳೆದುಹೋಗಿದ್ದರೆ ಕಾರು ಇರುವಾಗಲೇ ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಕಾರು ಹೋದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅಪಘಾತದಲ್ಲಿ ಸರ್ವೆ ಆಗುವ ಮುನ್ನ ಏನನ್ನೂ ಬಿಚ್ಚಿಸಬೇಡಿ. ಸರ್ವೇಯರ್ ಕಡಿತದ ಲೆಕ್ಕ ಬರೆದ ಅಸೆಸ್‌ಮೆಂಟ್ ಷೀಟ್ ಕೇಳಿ ಪಡೆದು, ಮೇಲಿನ ಶೇಕಡಾವಾರು ಹಿಡಿದು ಸಾಲು ಸಾಲಾಗಿ ತಾಳೆ ನೋಡಿ. ಲೋಹದ ಬ್ರಾಕೆಟ್ಟಿಗೆ ಪ್ಲಾಸ್ಟಿಕ್ಕಿನ ಕಡಿತ ಹಾಕಿರುವುದು ಸಿಗಬಹುದು.

ಕಡಿತ ಅನ್ಯಾಯ ಅನಿಸಿದರೆ ಮೊದಲು ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ ಬರಹದಲ್ಲಿ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕಕ್ಕೆ ಆ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರದಲ್ಲಿ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಪಾಲಿಸಿ ಪ್ರತಿ, ಸರ್ವೆ ರಿಪೋರ್ಟ್, ಗ್ಯಾರೇಜ್ ಬಿಲ್, ಕಂಪನಿಗೆ ಕೊಟ್ಟ ದೂರಿನ ಪ್ರತಿ ಜೊತೆಗಿರಲಿ.