ಗ್ಲೈಡರ್, ಆರ್ಗೋ ಫ್ಲೋಟ್, ದೋಣಿಯ ಸಿಟಿಡಿ: ಯಾವ ಕೆಲಸಕ್ಕೆ ಯಾವುದು?

ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಶ್ನೆ: ಅರಬ್ಬಿ ಸಮುದ್ರದ ಉಷ್ಣತೆ, ಲವಣಾಂಶ ಅಳೆಯಲು ಈ ಮೂರರಲ್ಲಿ ಯಾವುದು? ಗ್ಲೈಡರ್ ಎಂದರೆ ಮುಳುಗೇಳುತ್ತಾ ರೆಕ್ಕೆಯ ನೆರವಿನಿಂದ ಮುಂದೆ ಸಾಗುವ ಮಾನವರಹಿತ ಯಂತ್ರ. ಆರ್ಗೋ ಫ್ಲೋಟ್ ಪ್ರವಾಹ ಒಯ್ದತ್ತ ತೇಲಿಹೋಗುತ್ತಾ ತಾನಾಗಿಯೇ ಅಳೆಯುವ ಸಾಧನ. ಸಿಟಿಡಿ ಎಂದರೆ ನೀರಿನ ವಿದ್ಯುತ್ ವಾಹಕತೆ (ಅದರಿಂದ ಲವಣಾಂಶ), ಉಷ್ಣತೆ, ಆಳ ಅಳೆಯುವ ಉಪಕರಣ.

ಮೊದಲು ಆಳ ನೋಡಿ. ಆರ್ಗೋ ಫ್ಲೋಟ್ 1000 ಮೀಟರ್ ಆಳದಲ್ಲಿ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ 2000 ಮೀಟರ್‌ಗೆ ಇಳಿದು, ಅಳೆಯುತ್ತಾ ಮೇಲೇರುತ್ತದೆ. ಮಂಗಳೂರು ತೀರದ ಬಳಿ ಅಷ್ಟು ಆಳವೇ ಇಲ್ಲ; ತಳದ ಕೆಸರಿಗೆ ತಗಲಿಕೊಳ್ಳುತ್ತದೆ. ನಡುಗಡಲಲ್ಲಿ ವರ್ಷಗಟ್ಟಲೆ ಅಳತೆ ಬೇಕಿದ್ದರೆ ಅದೇ ಸರಿ. ಹುಡುಕಿ ತರುವ ಖರ್ಚಿಲ್ಲ, ಆದರೆ ಹೋಗುವ ದಾರಿಯೂ ನಿಮ್ಮ ಕೈಯಲ್ಲಿಲ್ಲ.

ದಾರಿ ನೀವೇ ಹೇಳಬೇಕೆಂದರೆ ಗ್ಲೈಡರ್. ಬೆಲೆ ಫ್ಲೋಟ್‌ನ ಹಲವು ಪಟ್ಟು. ವೇಗ ಗಂಟೆಗೆ ಸುಮಾರು ಒಂದು ಕಿಲೋಮೀಟರ್ ಅಷ್ಟೇ, ಪ್ರವಾಹ ಜೋರಿದ್ದರೆ ಹಿಂದಕ್ಕೇ ಸರಿಯುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಓಡುತ್ತದೆ. ಅಷ್ಟರಲ್ಲಿ ಬೆಚ್ಚಗಿನ ನೀರಿನ ಚಿಪ್ಪುಜೀವಿಗಳು ಮೈಗಂಟಿ ವೇಗ ಇನ್ನೂ ಇಳಿಯುತ್ತದೆ. ಮೀನಿನ ಬಲೆಯ ಕಾಟ ಬೇರೆ.

ಹೆಚ್ಚು ಜನ ಎಡವುವುದು ತೂಕ ಹೊಂದಿಸುವಲ್ಲಿ. ಗೊರೂರು ಹಿನ್ನೀರಿನಲ್ಲಿ ಸರಿಯಾಗಿ ಮುಳುಗೇಳುವ ಗ್ಲೈಡರ್ ಕಡಲಲ್ಲಿ ಮುಳುಗುವುದೇ ಇಲ್ಲ. ಸಿಹಿನೀರು ಲೀಟರಿಗೆ 1000 ಗ್ರಾಂ, ಕಡಲ ನೀರು ಸುಮಾರು 1025. ಗಾತ್ರ 50 ಲೀಟರ್ ಇದ್ದರೆ ವ್ಯತ್ಯಾಸ 1.25 ಕೆಜಿ. ತೇಲುವಿಕೆ ಬದಲಿಸುವ ಪಂಪಿನ ಸಾಮರ್ಥ್ಯ ಸಾಮಾನ್ಯವಾಗಿ ಒಂದು ಲೀಟರಿಗೂ ಕಡಿಮೆ. ಅಷ್ಟನ್ನು ಅದು ಸರಿದೂಗಿಸಲಾರದು. ಸೀಸದ ತುಂಡು ಸೇರಿಸಲೇಬೇಕು.

ಒಂದೆರಡು ದಿನದ ಅಳತೆ ಸಾಕೆಂದರೆ ಬಾಡಿಗೆ ದೋಣಿ, ಹಗ್ಗಕ್ಕೆ ಕಟ್ಟಿದ ಸಿಟಿಡಿ. ಜೊತೆಗೆ ಬಾಟಲಿಯಲ್ಲಿ ನೀರು ಹಿಡಿದು ತಂದರೆ ಲವಣಾಂಶವನ್ನು ಪ್ರಯೋಗಾಲಯದಲ್ಲಿ ತಾಳೆ ನೋಡಬಹುದು. ಉಳಿದೆರಡರಲ್ಲಿ ಈ ಸೌಲಭ್ಯವಿಲ್ಲ. ಮಳೆಗಾಲದ ಅಳತೆಯೇ ಬೇಕಿದ್ದರೆ ಮಾತ್ರ ದೋಣಿಯನ್ನು ನಂಬಬೇಡಿ.